ಲಂಚವನ್ನು ಅಳೆಯುವುದೆಂತು?

ಲೋಕದಲ್ಲಿ ಅಳತೆಗೆ ಸಿಕ್ಕುವ ವಸ್ತುಗಳು ಅನೇಕ. ನಮ್ಮ ಹಿರಿಯರು ರಾಗಿಯನ್ನು ಸೇರಿನಿಂದಲೂ ಕೊಳಗದಿಂದಲೂ ಅಳೆಯುತ್ತಿದ್ದರು. ಕಬ್ಬನ್ನು ಟನ್ನಿನ ಲೆಕ್ಕದಲ್ಲಿ ತೂಗುತ್ತಾರೆ. ಕನ್ನಂಬಾಡಿ ಕಟ್ಟೆಯ ನೀರನ್ನು ಅಡಿಗಳಲ್ಲಿ ಅಳೆಯುತ್ತಾರೆ, ಅದು ೧೨೪.೮೦ ಅಡಿ ಮುಟ್ಟಿತೆಂದರೆ ನಾಲೆಯ ಕೆಳಗಿನ ರೈತರೆಲ್ಲರೂ ನೆಮ್ಮದಿಯ ಉಸಿರು ಬಿಡುತ್ತಾರೆ. ಆದರೆ ಲಂಚವೆಂಬುದು ಕೊಟ್ಟವನೂ ಮರೆಮಾಡುವ, ತೆಗೆದುಕೊಂಡವನೂ ಮರೆಮಾಡುವ ವಸ್ತು. ಅದಕ್ಕೆ ರಸೀತಿಯಿಲ್ಲ, ಖಾತೆ ಪುಸ್ತಕವಿಲ್ಲ, ಸಾಕ್ಷಿಯೂ ಇರುವುದಿಲ್ಲ. ಹೀಗಿದ್ದರೂ, ಭ್ರಷ್ಟಾಚಾರದ ಪಟ್ಟಿಯಲ್ಲಿ ಭಾರತಕ್ಕೆ ಇಂತಿಷ್ಟನೆಯ ಸ್ಥಾನ ಬಂದಿತೆಂಬ ಸುದ್ದಿಯನ್ನು ವರ್ಷಕ್ಕೊಮ್ಮೆ ಪತ್ರಿಕೆಗಳಲ್ಲಿ ಓದುತ್ತೇವೆ. ಈ ಅಂಕಿ ಹುಟ್ಟಿದ್ದು ಎಲ್ಲಿ? ನಮ್ಮ ತಾಲ್ಲೂಕು ಕಚೇರಿಯ ವಿಷಯವಾಗಿ ಅದು ಏನನ್ನಾದರೂ ತಿಳಿಸುತ್ತದೆಯೆ? ಈ ಪ್ರಶ್ನೆಗಳನ್ನು ಯಥಾಮತಿ ವಿವರಿಸುವುದು ಈ ಲೇಖನದ ಉದ್ದೇಶ.

ಈ ವಿಷಯವನ್ನು ನಾನು ಆರಿಸಿಕೊಂಡುದಕ್ಕೆ ಕಾರಣವುಂಟು. ನಮ್ಮ ತರಗತಿಯಲ್ಲಿ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳ ವಿದ್ಯಾರ್ಥಿಗಳಿದ್ದೇವೆ. ವಿದ್ಯಾರ್ಥಿವೇತನಕ್ಕೆಂದು ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕಾಗಿ ನಾಡಕಚೇರಿಯ ಮುಂದೆ ನಿಲ್ಲದವರು ನಮ್ಮಲ್ಲಿ ವಿರಳ. ಅಂತೆಯೇ, ಬಿ.ಎ. ಮುಗಿಸಿದ ಮೇಲೆ ಗ್ರಾಮ ಆಡಳಿತ ಅಧಿಕಾರಿಯ ಹುದ್ದೆಗೋ ದ್ವಿತೀಯ ದರ್ಜೆ ಸಹಾಯಕರ ಹುದ್ದೆಗೋ ಅರ್ಜಿ ಹಾಕಬೇಕೆಂದು ಯೋಚಿಸದವರೂ ವಿರಳ. ಇಂದು ಕಿಟಕಿಯ ಈಚೆ ನಿಂತಿರುವ ನಾವು ನಾಳೆ ಆಚೆ ಕುಳಿತುಕೊಳ್ಳುವವರು. ಆದುದರಿಂದ ಈ ಅಳತೆಯ ಮಾತು ನಮಗೆ ಎರಡು ಕಡೆಯಿಂದಲೂ ಸಂಬಂಧಪಟ್ಟದ್ದು.

ಅಳೆಯುವುದಕ್ಕೆ ಮೊದಲು ಅಳೆಯತಕ್ಕ ವಸ್ತು ಯಾವುದೆಂದು ಗೊತ್ತುಮಾಡಿಕೊಳ್ಳಬೇಕಷ್ಟೆ. ನಾಗಮಂಗಲದ ಕಡೆಯ ಬೇಸಾಯಗಾರರಾದ ನಮ್ಮ ತಾತನನ್ನು, "ನೀವು ಎಂದಾದರೂ ಲಂಚ ಕೊಟ್ಟಿದ್ದೀರಾ?" ಎಂದು ಕೇಳಿದೆ. "ಛೇ, ನಾನ್ಯಾಕೆ ಕೊಡಲಿ!" ಎಂದರು. "ಪಹಣಿ ಬರೆಸುವಾಗ ಏನೂ ಕೊಡಲಿಲ್ಲವೆ?" ಎಂದೆ. "ಅದು ಮಾಮೂಲು ಕಣಪ್ಪ, ಲಂಚ ಹೆಂಗಾದಾತು?" ಎಂದರು. ಮಾಮೂಲು, ಕಾಣಿಕೆ, ಖುಷಿ, ಕಾಫಿ ಖರ್ಚು ಎಂದು ನಮ್ಮಲ್ಲಿ ಲಂಚಕ್ಕೆ ಹಲವು ಸಭ್ಯವಾದ ಹೆಸರುಗಳಿವೆ. "ಲಂಚ ಕೊಟ್ಟಿರಾ?" ಎಂದು ಕೇಳಿದರೆ ಇಲ್ಲವೆಂದು ಉತ್ತರ ಬರುತ್ತದೆ, "ಗೊತ್ತಾದ ಶುಲ್ಕಕ್ಕಿಂತ ಹೆಚ್ಚಾಗಿ ಎಷ್ಟು ಕೊಟ್ಟಿರಿ?" ಎಂದು ಕೇಳಿದರೆ ಬೇರೆ ಉತ್ತರ ಬರುತ್ತದೆ. ಪ್ರಶ್ನೆಯ ಮಾತು ಬದಲಾದರೆ ಅಂಕಿಯೂ ಬದಲಾಗುತ್ತದೆ ಎಂಬುದು ಈ ಶಾಸ್ತ್ರದ ಮೊದಲ ಪಾಠ.

ಈಗ ಬಳಕೆಯಲ್ಲಿರುವ ಅಳತೆಗಳನ್ನು ಸ್ಥೂಲವಾಗಿ ನಾಲ್ಕು ವಿಧವಾಗಿ ವಿಂಗಡಿಸಬಹುದು: ಅಭಿಪ್ರಾಯದ ಅಳತೆ, ಅನುಭವದ ಅಳತೆ, ಕುರುಹಿನ ಅಳತೆ, ಮತ್ತು ಸ್ವಭಾವದ ಅಳತೆ.

ಮೊದಲನೆಯದು ಅಭಿಪ್ರಾಯದ ಅಳತೆ. ಪತ್ರಿಕೆಗಳಲ್ಲಿ ನಾವು ಓದುವ ಸ್ಥಾನಪಟ್ಟಿ ಈ ಜಾತಿಯದು. ೧೯೯೩ರಲ್ಲಿ ಬರ್ಲಿನ್ ನಗರದಲ್ಲಿ ಸ್ಥಾಪನೆಯಾದ ಟ್ರಾನ್ಸ್‌ಪರೆನ್ಸಿ ಇಂಟರ್‌ನ್ಯಾಷನಲ್ ಎಂಬ ಸಂಸ್ಥೆ ೧೯೯೫ರಲ್ಲಿ ಮೊದಲ ಪಟ್ಟಿಯನ್ನು ಪ್ರಕಟಿಸಿತು. ಅದರಲ್ಲಿ ೪೧ ದೇಶಗಳಿದ್ದವು, ಹತ್ತಕ್ಕೆ ೨.೭೮ ಅಂಕ ಪಡೆದ ಭಾರತ ೩೫ನೆಯದಾಗಿತ್ತು. ೨೦೨೪ರ ಪಟ್ಟಿಯಲ್ಲಿ ೧೮೦ ದೇಶಗಳಿದ್ದವು. ನೂರಕ್ಕೆ ೩೮ ಅಂಕ ಪಡೆದ ಭಾರತಕ್ಕೆ ೯೬ನೆಯ ಸ್ಥಾನ, ೯೦ ಅಂಕದ ಡೆನ್ಮಾರ್ಕಿಗೆ ಮೊದಲ ಸ್ಥಾನ. ಮೂವತ್ತೈದರಿಂದ ತೊಂಬತ್ತಾರಕ್ಕೆ ಇಳಿದೆವಲ್ಲಾ ಎಂದು ಮರುಗುವವರು, ಓಟಕ್ಕೆ ನಿಂತವರ ಸಂಖ್ಯೆಯೇ ನಾಲ್ಕು ಪಟ್ಟಿಗೂ ಮೀರಿ ಬೆಳೆಯಿತೆಂಬುದನ್ನು ನೆನೆಯಬೇಕು. ಅಂಕಗಳನ್ನು ಕೊಡುವ ವಿಧಾನವೂ ೨೦೧೨ರಲ್ಲಿ ಬದಲಾಯಿತು. ಆದುದರಿಂದ ಅದಕ್ಕೆ ಹಿಂದಿನ ಅಂಕಗಳನ್ನು ಇಂದಿನವುಗಳೊಡನೆ ಹೋಲಿಸಲಾಗದು. ೨೦೧೨ರಲ್ಲಿ ೩೬, ೨೦೧೮ರಲ್ಲಿ ೪೧, ೨೦೨೪ರಲ್ಲಿ ೩೮: ಇದು ಹೊಸ ವಿಧಾನದಲ್ಲಿ ಭಾರತದ ಏರಿಳಿತ. ಒಂದೆರಡು ಅಂಕಗಳ ವ್ಯತ್ಯಾಸವು ಅಳತೆಯ ತಪ್ಪಿನ ಮಿತಿಯೊಳಗೇ ಅಡಗಿಹೋಗುವಷ್ಟು ಸಣ್ಣದು.

ಇದಕ್ಕಿಂತ ಮುಖ್ಯವಾದ ಸಂಗತಿ ಮತ್ತೊಂದಿದೆ. ಈ ಅಂಕವನ್ನು ಕೊಡುವವರು ಯಾರು? ಮುಖ್ಯವಾಗಿ ದೇಶದೇಶಗಳ ಸ್ಥಿತಿಗತಿಯನ್ನು ಬಲ್ಲ ತಜ್ಞರು ಮತ್ತು ವ್ಯಾಪಾರೋದ್ಯಮಿಗಳು. ವಿಶ್ವ ಬ್ಯಾಂಕು ಮೊದಲಾದ ಸಂಸ್ಥೆಗಳು ಸಂಗ್ರಹಿಸಿದ ಅವರ ಅಭಿಪ್ರಾಯಗಳನ್ನು ಒಟ್ಟುಗೂಡಿಸಿ ಈ ಸೂಚಿಯನ್ನು ಸಿದ್ಧಪಡಿಸುತ್ತಾರೆ. ಪೌತಿ ಖಾತೆಗಾಗಿ ಅಲೆದಾಡಿದ ಕೃಷ್ಣರಾಜಪೇಟೆಯ ರೈತನನ್ನು ಈ ಸೂಚಿಗಾಗಿ ಯಾರೂ ಪ್ರಶ್ನಿಸುವುದಿಲ್ಲ. ಒಂದು ದೊಡ್ಡ ಹಗರಣ ಬಯಲಿಗೆ ಬಂದರೆ ಅಭಿಪ್ರಾಯ ಕೆಡುತ್ತದೆ. ಆದರೆ ಹಗರಣ ಬಯಲಿಗೆ ಬಂದದ್ದು ಪತ್ರಿಕೆಗಳೂ ನ್ಯಾಯಾಲಯಗಳೂ ಎಚ್ಚರವಾಗಿರುವುದರ ಗುರುತೂ ಆಗಿರಬಹುದು. ದೇಶ ದೇಶಗಳ ನಡುವಣ ದೊಡ್ಡ ಅಂತರವನ್ನು ತಿಳಿಯಲು ಈ ಸೂಚಿ ಉಪಯುಕ್ತ. ಒಂದು ತಾಲ್ಲೂಕಿನ ಸ್ಥಿತಿಯನ್ನು ತಿಳಿಯಲು ಪ್ರಯೋಜನವಿಲ್ಲ.

ಎರಡನೆಯದು ಅನುಭವದ ಅಳತೆ. ಇಲ್ಲಿ ಸಾಮಾನ್ಯ ಜನರನ್ನೇ ಕಂಡು, ಕಳೆದ ಹನ್ನೆರಡು ತಿಂಗಳಲ್ಲಿ ಯಾವ ಕಚೇರಿಗೆ ಹೋಗಿದ್ದಿರಿ, ಅಲ್ಲಿ ಏನು ಕೊಡಬೇಕಾಯಿತು ಎಂದು ವಿಚಾರಿಸುತ್ತಾರೆ. ಅದೇ ಬರ್ಲಿನ್ ಸಂಸ್ಥೆ ೨೦೨೦ರಲ್ಲಿ ಏಷ್ಯದ ೧೭ ದೇಶಗಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ, ಸರ್ಕಾರಿ ಸೇವೆಗಳನ್ನು ಬಳಸಿದ ಭಾರತೀಯರ ಪೈಕಿ ನೂರಕ್ಕೆ ೩೯ ಮಂದಿ ಲಂಚ ಕೊಟ್ಟುದಾಗಿ ಹೇಳಿದರು. ಆ ದೇಶಗಳಲ್ಲೆಲ್ಲ ಇದೇ ಹೆಚ್ಚಿನದು. ನೇಪಾಳದಲ್ಲಿ ೧೨, ಜಪಾನಿನಲ್ಲಿ ೨. ವಿಶ್ವಸಂಸ್ಥೆಯು ೨೦೧೫ರಲ್ಲಿ ಅಂಗೀಕರಿಸಿದ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ ಲಂಚವನ್ನು ತಗ್ಗಿಸುವುದೂ ಒಂದು. ಅದರ ಅಳತೆಗೋಲೂ ಈ ಅನುಭವದ ಲೆಕ್ಕವೇ.

ಈ ಲೆಕ್ಕದಲ್ಲಿ ಗಮನಿಸಬೇಕಾದದ್ದು ಭಾಜಕ. ನೂರರಲ್ಲಿ ಎಷ್ಟು ಎಂದರೆ, ಯಾವ ನೂರು? ಊರಿನ ಎಲ್ಲ ಜನರಲ್ಲಿ ನೂರೋ, ಕಚೇರಿಯ ಮೆಟ್ಟಿಲು ಹತ್ತಿದವರಲ್ಲಿ ನೂರೋ? ನಮ್ಮ ನಾಲ್ಕು ತಾಲ್ಲೂಕುಗಳನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಶ್ರೀರಂಗಪಟ್ಟಣ ಬೆಂಗಳೂರು-ಮೈಸೂರು ಹೆದ್ದಾರಿಯ ಮೇಲಿದೆ. ಅಂಥ ಸ್ಥಳದಲ್ಲಿ ಜಮೀನಿನ ಕ್ರಯ, ನೋಂದಣಿ, ಭೂಪರಿವರ್ತನೆಗಳಿಗಾಗಿ ಜನ ಕಚೇರಿಗೆ ಬರುವ ಸಂದರ್ಭ ಹೆಚ್ಚು. ನಾಗಮಂಗಲದಲ್ಲಿ ಬೆದ್ದಲು ಹೆಚ್ಚು. ಅಲ್ಲಿಯ ರೈತನಿಗೆ ಕೊಳವೆಬಾವಿಯ ವಿದ್ಯುತ್ ಸಂಪರ್ಕವೋ ಬರಪರಿಹಾರವೋ ಮುಖ್ಯವಾದೀತು. ಇಡೀ ಜನಸಂಖ್ಯೆಯನ್ನು ಭಾಜಕವಾಗಿಟ್ಟರೆ, ನೌಕರರು ಒಂದೇ ಬಗೆಯವರಾಗಿದ್ದರೂ, ವ್ಯವಹಾರ ಹೆಚ್ಚಿರುವ ತಾಲ್ಲೂಕು ಕೆಟ್ಟದ್ದೆಂದು ತೋರುತ್ತದೆ. ದೇಶ ದೇಶಗಳ ನಡುವೆಯೂ ಹೀಗೆಯೇ. ಆದುದರಿಂದಲೇ ವಿಶ್ವಸಂಸ್ಥೆಯ ಅಳತೆಗೋಲು, ವರ್ಷದಲ್ಲಿ ಒಮ್ಮೆಯಾದರೂ ಸರ್ಕಾರಿ ನೌಕರನನ್ನು ಕಂಡವರನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ.

ಜನ ನಿಜ ಹೇಳುತ್ತಾರೆಯೆ ಎಂಬುದು ಇಲ್ಲಿಯ ದೊಡ್ಡ ತೊಡಕು. ೨೦೧೮ರ ತಿದ್ದುಪಡಿಯಾದ ಮೇಲೆ ನಮ್ಮ ದೇಶದಲ್ಲಿ ಲಂಚ ಕೊಡುವುದೂ ನೇರವಾಗಿ ಅಪರಾಧವೇ. ಬಲವಂತಕ್ಕೆ ಸಿಕ್ಕಿ ಕೊಟ್ಟವನು ಏಳು ದಿನಗಳೊಳಗೆ ದೂರು ಕೊಟ್ಟರೆ ಮಾತ್ರ ಅವನಿಗೆ ರಕ್ಷಣೆ. ಹೀಗಿರುವಾಗ ಅಪರಿಚಿತನ ಮುಂದೆ ಬಾಯಿ ಬಿಡುವವರಾರು? ಇದಕ್ಕೆ ೧೯೬೫ರಲ್ಲಿ ವಾರ್ನರ್ ಎಂಬ ಅರ್ಥಶಾಸ್ತ್ರಜ್ಞ ಒಂದು ಉಪಾಯವನ್ನು ತೋರಿಸಿಕೊಟ್ಟ. ಅದರ ಸುಲಭ ರೂಪ ಹೀಗಿದೆ: ಇನ್ನೂರು ಜನರಿಗೆ ತಲಾ ಒಂದು ನಾಣ್ಯ ಕೊಟ್ಟು ಮರೆಯಲ್ಲಿ ಚಿಮ್ಮಲು ಹೇಳಬೇಕು. ತಲೆ ಬಿದ್ದವರು ಕಣ್ಣು ಮುಚ್ಚಿಕೊಂಡು "ಹೌದು" ಎನ್ನಬೇಕು. ಹೂ ಬಿದ್ದವರು ನಿಜ ಹೇಳಬೇಕು. ನೂರ ಮೂವತ್ತು ಜನ "ಹೌದು" ಎಂದರೆನ್ನೋಣ. ಅವರಲ್ಲಿ ಸುಮಾರು ನೂರು "ಹೌದು"ಗಳು ನಾಣ್ಯದವು. ಉಳಿದ ಮೂವತ್ತು, ನಿಜ ಹೇಳಬೇಕಾಗಿದ್ದ ಸುಮಾರು ನೂರು ಜನರ ಪೈಕಿಯವು. ಎಂದರೆ ಲಂಚ ಕೊಟ್ಟವರು ನೂರಕ್ಕೆ ಸುಮಾರು ಮೂವತ್ತು. ಯಾರು ಕೊಟ್ಟರೆಂಬುದು ಕೇಳಿದವನಿಗೂ ತಿಳಿಯದು. ಎಷ್ಟು ಜನ ಕೊಟ್ಟರೆಂಬುದು ತಿಳಿಯುತ್ತದೆ. ಗುಟ್ಟನ್ನು ಕಾಪಾಡಿಯೇ ಸತ್ಯವನ್ನು ಹೊರಗೆಳೆಯುವ ಈ ಗಣಿತದ ಚಾತುರ್ಯ ಮೆಚ್ಚತಕ್ಕದ್ದು.

ಅನುಭವದ ಅಳತೆಗೆ ನಮ್ಮ ಕರ್ನಾಟಕವೇ ಹೆಸರಾದ ಪ್ರಯೋಗಶಾಲೆಯೆಂಬುದು ಹಲವರಿಗೆ ತಿಳಿದಿರಲಾರದು. ಸ್ಯಾಮ್ಯುಯೆಲ್ ಪಾಲ್ ಎಂಬ ವಿದ್ವಾಂಸರು ಬೆಂಗಳೂರಿನಲ್ಲಿ ಪಬ್ಲಿಕ್ ಅಫೇರ್ಸ್ ಸೆಂಟರ್ ಎಂಬ ಸಂಸ್ಥೆಯನ್ನು ಕಟ್ಟಿದರು. ನೀರು, ವಿದ್ಯುತ್ತು, ನಗರಪಾಲಿಕೆ ಮೊದಲಾದ ಇಲಾಖೆಗಳಿಗೆ ನಾಗರಿಕರೇ ಅಂಕ ಕೊಡುವ ವರದಿಪಟ್ಟಿಗಳು ೧೯೯೪, ೧೯೯೯ ಮತ್ತು ೨೦೦೩ರಲ್ಲಿ ಹೊರಬಿದ್ದವು. ನಮ್ಮ ಅಂಕಪಟ್ಟಿಗಳನ್ನು ಅಧ್ಯಾಪಕರು ಬರೆಯುವಂತೆ, ಇಲಾಖೆಗಳ ಅಂಕಪಟ್ಟಿಯನ್ನು ಜನ ಬರೆದರು. ಈ ಪದ್ಧತಿಯನ್ನು ಮುಂದೆ ಬೇರೆ ದೇಶಗಳಲ್ಲಿಯೂ ಅನುಸರಿಸಿದರು. ೨೦೧೦ರ ಆಗಸ್ಟ್ ೧೫ರಂದು ಜನಾಗ್ರಹ ಎಂಬ ಬೆಂಗಳೂರಿನ ಇನ್ನೊಂದು ಸಂಸ್ಥೆ, ಲಂಚ ಕೊಟ್ಟವರು ಹೆಸರು ಹೇಳದೆ ತಮ್ಮ ಅನುಭವವನ್ನು ಬರೆದಿಡುವ ಜಾಲತಾಣವನ್ನು ಆರಂಭಿಸಿತು. ಯಾವ ಕೆಲಸಕ್ಕೆ ಯಾವ ದರ ನಡೆಯುತ್ತಿದೆಯೆಂಬುದು ಅದರಿಂದ ತಿಳಿಯುತ್ತದೆ. ಆದರೆ ಬರೆಯುವವರು ತಾವಾಗಿ ಬಂದವರಾದುದರಿಂದ, ನೂರಕ್ಕೆ ಎಷ್ಟು ಮಂದಿ ಕೊಟ್ಟರೆಂಬ ಲೆಕ್ಕ ಅದರಿಂದ ಸಿಕ್ಕದು.

ರೈತಾಪಿ ಜನರಿಗೆ ಹೆಚ್ಚು ಹತ್ತಿರವಾದ ನಿದರ್ಶನವೆಂದರೆ ಪಹಣಿಯದು. ಶಾನುಭೋಗ ಪಟೇಲರ ವಂಶಪಾರಂಪರ್ಯದ ಹುದ್ದೆಗಳನ್ನು ರದ್ದುಗೊಳಿಸುವ ಕಾನೂನು ೧೯೬೧ರಲ್ಲಿ ಬಂದಿತು. ಅವರ ಸ್ಥಾನಕ್ಕೆ ಬಂದ ಗ್ರಾಮಲೆಕ್ಕಿಗರ ಕೈಯಲ್ಲಿ ಪಹಣಿ ಪುಸ್ತಕವಿತ್ತು. ರಾಜ್ಯದಲ್ಲಿ ಸುಮಾರು ಒಂಬತ್ತು ಸಾವಿರ ಗ್ರಾಮಲೆಕ್ಕಿಗರಿದ್ದರು. ಅವರು ಸಿಕ್ಕಿದಾಗಲೇ ಪಹಣಿ, ಬರೆದಾಗಲೇ ನಕಲು. ಈ ಶತಮಾನದ ಆರಂಭದಲ್ಲಿ 'ಭೂಮಿ' ಯೋಜನೆಯ ಮೂಲಕ ೬೭ ಲಕ್ಷ ರೈತರ ಸುಮಾರು ೨ ಕೋಟಿ ದಾಖಲೆಗಳು ಗಣಕಯಂತ್ರಕ್ಕೆ ಸೇರಿದವು. ತಾಲ್ಲೂಕು ಕೇಂದ್ರದ ಕಿಟಕಿಯಲ್ಲಿ ೧೫ ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರುವಂತಾಯಿತು. ೨೦೦೨ರಲ್ಲಿ ಪಬ್ಲಿಕ್ ಅಫೇರ್ಸ್ ಸೆಂಟರ್ ನಡೆಸಿದ ಸಮೀಕ್ಷೆಯಲ್ಲಿ, ಹಳೆಯ ಪದ್ಧತಿಯಲ್ಲಿ ಲಂಚ ಕೊಟ್ಟೆವೆಂದವರು ನೂರಕ್ಕೆ ೬೬. ಹೊಸ ಪದ್ಧತಿಯಲ್ಲಿ ಕೊಟ್ಟೆವೆಂದವರು ೩. ದೇಶದ ಸ್ಥಾನಪಟ್ಟಿ ಎಷ್ಟು ವರ್ಷ ಓದಿದರೂ ತಿಳಿಯದ ಸಂಗತಿಯೊಂದನ್ನು ಈ ಎರಡು ಅಂಕಿಗಳು ತಿಳಿಸುತ್ತವೆ. ಜನ ಅವರೇ, ಜಾತಿ ಸಂಸ್ಕೃತಿಗಳು ಅವೇ. ಕಾಗದ ಒಬ್ಬನ ಕೈಯಿಂದ ಬಿಡುಗಡೆಯಾದೊಡನೆ ಲಂಚ ಇಳಿಯಿತು.

ಆದರೆ ಅಳತೆ ಮಾಡುವವನು ಒಂದು ಕಿಟಕಿಯನ್ನು ಮಾತ್ರ ನೋಡಿ ತೃಪ್ತನಾಗಬಾರದು. ಪಹಣಿಯ ನಕಲು ಸುಲಭವಾದರೂ, ಖಾತೆ ಬದಲಾವಣೆ, ಪೋಡಿ, ಅಳತೆಯ ಕೆಲಸಗಳಿಗೆ ಇನ್ನೂ ಒಬ್ಬ ಅಧಿಕಾರಿಯ ಒಪ್ಪಿಗೆ ಬೇಕು. 'ಭೂಮಿ'ಯಿಂದ ಲಂಚ ಅಳಿಯಲಿಲ್ಲ, ಸ್ಥಳಾಂತರ ಹೊಂದಿತು ಎಂದು ವಾದಿಸಿದ ವಿದ್ವಾಂಸರೂ ಇದ್ದಾರೆ. ನಾಲೆಯ ಒಂದು ತೂಬನ್ನು ಮುಚ್ಚಿದರೆ ನೀರು ಇನ್ನೊಂದು ತೂಬಿನಲ್ಲಿ ಹರಿಯುವುದನ್ನು ಪಾಂಡವಪುರದ ಮಿತ್ರರಿಗೆ ನಾನು ಹೇಳಬೇಕಾಗಿಲ್ಲ. ೨೦೧೨ರಲ್ಲಿ ಜಾರಿಗೆ ಬಂದ 'ಸಕಾಲ'ದ ಮಾತೂ ಹಾಗೆಯೇ. ತಡ ಮಾಡಿದ ನೌಕರನು ದಿನಕ್ಕೆ ೨೦ ರೂಪಾಯಿಯಂತೆ, ೫೦೦ ರೂಪಾಯಿಗೆ ಮೀರದಂತೆ ಪರಿಹಾರ ಕೊಡಬೇಕೆಂದು ಅದು ವಿಧಿಸುತ್ತದೆ. ಅರ್ಜಿ ಎಷ್ಟು ದಿನದಲ್ಲಿ ವಿಲೇವಾರಿಯಾಯಿತೆಂಬ ಲೆಕ್ಕ ಅಲ್ಲಿ ಸಿಗುತ್ತದೆ. ಬೇಗ ವಿಲೇವಾರಿಯಾದುದಕ್ಕೆ ಕಾರಣವೇನೆಂಬ ಲೆಕ್ಕ ಸಿಗುವುದಿಲ್ಲ.

ಲೋಕಾಯುಕ್ತದವರು ಹಿಡಿದ ಪ್ರಕರಣಗಳನ್ನೇ ಎಣಿಸಿದರಾಗದೆ ಎಂದು ಕೆಲವರು ಕೇಳುತ್ತಾರೆ. ೧೯೮೪ರ ಕಾನೂನಿನಿಂದ ಹುಟ್ಟಿದ ಆ ಸಂಸ್ಥೆಯ ಕೈಯಿಂದ ೨೦೧೬ರಲ್ಲಿ ತನಿಖೆಯ ಅಧಿಕಾರವನ್ನು ಭ್ರಷ್ಟಾಚಾರ ನಿಗ್ರಹ ದಳಕ್ಕೆ ವಹಿಸಲಾಯಿತು. ೨೦೨೨ರಲ್ಲಿ ಉಚ್ಚ ನ್ಯಾಯಾಲಯ ಆ ದಳವನ್ನು ರದ್ದುಮಾಡಿ ಅಧಿಕಾರವನ್ನು ಹಿಂದಿರುಗಿಸಿತು. ಇಂಥ ಬದಲಾವಣೆಗಳಾದಾಗಲೆಲ್ಲ ಪ್ರಕರಣಗಳ ಸಂಖ್ಯೆ ಏರಿಳಿಯುವುದು ಸಹಜ. ಅದು ಬಲೆ ಬೀಸುವವರ ಶ್ರಮದ ಅಳತೆ. ಕೆರೆಯಲ್ಲಿರುವ ಮೀನಿನ ಅಳತೆಯಲ್ಲ.

ಮೂರನೆಯದು ಕುರುಹಿನ ಅಳತೆ. ಇಲ್ಲಿ ಯಾರನ್ನೂ ಏನನ್ನೂ ಕೇಳುವುದಿಲ್ಲ. ಕಾಗದದ ಲೆಕ್ಕವನ್ನೂ ಕಣ್ಣೆದುರಿನ ವಸ್ತುವನ್ನೂ ತಾಳೆ ನೋಡುತ್ತಾರೆ. ಇಂಡೊನೇಷ್ಯದ ಜಾವಾ ದ್ವೀಪದ ಆರುನೂರಕ್ಕೂ ಹೆಚ್ಚು ಹಳ್ಳಿಗಳಲ್ಲಿ ಬೆಂಜಮಿನ್ ಓಲ್ಕೆನ್ ಎಂಬ ಅರ್ಥಶಾಸ್ತ್ರಜ್ಞ, ಹೊಸದಾಗಿ ಹಾಕಿದ ರಸ್ತೆಗಳನ್ನು ಇಂಜಿನಿಯರುಗಳಿಂದ ಅಗೆಸಿ, ಎಷ್ಟು ಕಲ್ಲು ಎಷ್ಟು ಮರಳು ಬಿದ್ದಿದೆಯೆಂದು ಅಳೆಸಿದ. ಬಿಲ್ಲಿನ ಮೊತ್ತಕ್ಕೂ ರಸ್ತೆಯ ಬೆಲೆಗೂ ಇರುವ ಅಂತರವೇ ಕಾಣೆಯಾದ ಹಣ. ಲೆಕ್ಕ ತಪಾಸಣೆ ನಿಶ್ಚಯವಾಗಿ ನಡೆಯುವುದೆಂದು ಮುಂದಾಗಿ ತಿಳಿಸಿದ ಹಳ್ಳಿಗಳಲ್ಲಿ ಈ ಸೋರಿಕೆ ನೂರಕ್ಕೆ ಸುಮಾರು ಎಂಟರಷ್ಟು ಕಡಿಮೆಯಾಯಿತು. ಊರವರ ಅಭಿಪ್ರಾಯಕ್ಕೂ ನಿಜವಾದ ಸೋರಿಕೆಗೂ ಸಂಬಂಧವಿದ್ದಿತಾದರೂ ಅದು ದುರ್ಬಲವಾಗಿತ್ತೆಂಬುದು ಅವನು ಕಂಡ ಮತ್ತೊಂದು ಸಂಗತಿ. ಅಭಿಪ್ರಾಯದ ಅಳತೆಯನ್ನು ನೆಚ್ಚಿಕೊಂಡವರು ಇದನ್ನು ನೆನಪಿಡಬೇಕು.

ದೇಶ ದೇಶಗಳ ಸರ್ಕಾರಿ ನೌಕರರನ್ನು ಒಂದೇ ತಕ್ಕಡಿಯಲ್ಲಿ ತೂಗಿದ ಪ್ರಯೋಗವೂ ಉಂಟು. ವಿಶ್ವಸಂಸ್ಥೆಯಲ್ಲಿ ಕೆಲಸ ಮಾಡುವ ರಾಯಭಾರ ಸಿಬ್ಬಂದಿ ನ್ಯೂಯಾರ್ಕಿನಲ್ಲಿ ಕಾರನ್ನು ಎಲ್ಲೆಂದರಲ್ಲಿ ನಿಲ್ಲಿಸಿದರೂ ದಂಡ ವಸೂಲು ಮಾಡುವಂತಿರಲಿಲ್ಲ. ಊರು ಒಂದೇ, ಕಾನೂನು ಒಂದೇ, ರಕ್ಷಣೆಯೂ ಒಂದೇ. ದೇಶ ಮಾತ್ರ ಬೇರೆ. ೧೯೯೭ರಿಂದ ೨೦೦೨ರವರೆಗಿನ ಐದು ವರ್ಷಗಳಲ್ಲಿ ದಂಡ ಕಟ್ಟದ ಚೀಟಿಗಳು ಒಂದೂವರೆ ಲಕ್ಷವನ್ನು ಮೀರಿದ್ದವು. ಫಿಸ್ಮನ್ ಮತ್ತು ಮಿಗೆಲ್ ಎಂಬ ವಿದ್ವಾಂಸರು ಇವನ್ನು ದೇಶವಾರು ವಿಂಗಡಿಸಿದಾಗ, ನಾರ್ವೆ, ಸ್ವೀಡನ್ ದೇಶದವರ ಹೆಸರಿನಲ್ಲಿ ಒಂದೂ ಇರಲಿಲ್ಲ. ಕುವೈತಿನವರಲ್ಲಿ ತಲೆಗೆ ವರ್ಷಕ್ಕೆ ಇನ್ನೂರ ನಲವತ್ತಕ್ಕೂ ಹೆಚ್ಚು ಇದ್ದವು. ಕೆಟ್ಟ ಹೆಸರಿನ ದೇಶದವರೇ ಹೆಚ್ಚಾಗಿ ತಪ್ಪಿ ನಡೆದಿದ್ದರು. ಇದನ್ನು ಓದಿ, ಎಲ್ಲವೂ ರಕ್ತಗುಣವೆಂದು ತೀರ್ಮಾನಿಸುವವರಿಗೆ ಕಥೆಯ ಕೊನೆಯನ್ನೂ ಹೇಳಬೇಕು. ೨೦೦೨ರಲ್ಲಿ ದಂಡ ಕಟ್ಟದವರ ಕಾರಿನ ರಾಜತಾಂತ್ರಿಕ ಫಲಕವನ್ನು ಕಿತ್ತುಕೊಳ್ಳುವ ಅಧಿಕಾರ ನಗರಾಡಳಿತಕ್ಕೆ ದೊರೆಯಿತು. ಅಂಥ ಚೀಟಿಗಳು ನೂರಕ್ಕೆ ತೊಂಬತ್ತೆಂಟರಷ್ಟು ಇಳಿದುವು. ಅಭ್ಯಾಸಕ್ಕೂ ಬಲವಿದೆ; ಕಾನೂನಿಗೂ ಬಲವಿದೆ.

ನಾಲ್ಕನೆಯದು ಸ್ವಭಾವದ ಅಳತೆ. ವಿದ್ಯಾರ್ಥಿಗಳಾದ ನಮಗೆ ಇದೇ ಹೆಚ್ಚು ಮುಖ್ಯವಾದದ್ದು, ಏಕೆಂದರೆ ಇಲ್ಲಿ ಅಳೆದದ್ದು ನಮ್ಮಂಥವರನ್ನೇ. ರೆಮಾ ಹನ್ನಾ ಮತ್ತು ಶಿಂಗ್-ಯಿ ವಾಂಗ್ ಎಂಬ ಇಬ್ಬರು ವಿದುಷಿಯರು ಬೆಂಗಳೂರಿನ ಆರುನೂರಕ್ಕೂ ಹೆಚ್ಚು ಕಾಲೇಜು ವಿದ್ಯಾರ್ಥಿಗಳ ಕೈಗೆ ಒಂದು ದಾಳವನ್ನು ಕೊಟ್ಟರು. ಯಾರೂ ನೋಡದಂತೆ ೪೨ ಬಾರಿ ಎಸೆದು ಬಿದ್ದ ಸಂಖ್ಯೆಗಳನ್ನು ತಾವೇ ಬರೆದುಕೊಡಬೇಕು. ಮೊತ್ತ ಹೆಚ್ಚಿದಷ್ಟೂ ಕೈಗೆ ಬರುವ ಹಣ ಹೆಚ್ಚು. ಒಂದು ಎಸೆತಕ್ಕೆ ಸರಾಸರಿ ಮೂರೂವರೆಯಂತೆ ೧೪೭ರ ಆಸುಪಾಸಿನಲ್ಲಿ ಮೊತ್ತ ಬರಬೇಕು. ನ್ಯಾಯವಾಗಿ ಆಡಿದರೆ ನೂರರಲ್ಲಿ ಒಬ್ಬರಿಗೆ ಮಾತ್ರ ಬರಬಹುದಾದಷ್ಟು ದೊಡ್ಡ ಮೊತ್ತವನ್ನು ಸುಮಾರು ಮೂರರಲ್ಲೊಂದು ಪಾಲು ವಿದ್ಯಾರ್ಥಿಗಳು ಬರೆದುಕೊಟ್ಟಿದ್ದರು. ಇಂಥವನೇ ಸುಳ್ಳು ಬರೆದನೆಂದು ಯಾರನ್ನೂ ಬೊಟ್ಟುಮಾಡಿ ತೋರಿಸಲಾಗದು. ಗುಂಪಿನಲ್ಲಿ ಸುಳ್ಳು ಎಷ್ಟೆಂಬುದನ್ನು ದಾಳವೇ ಹೇಳಿತು. ಹೀಗೆ ಹೆಚ್ಚು ಬರೆದುಕೊಂಡವರು, ಉಳಿದವರಿಗಿಂತ ತುಸು ಹೆಚ್ಚಾಗಿ ಸರ್ಕಾರಿ ನೌಕರಿಯನ್ನೇ ಬಯಸುತ್ತಿದ್ದರು. ಅದೇ ದಾಳವನ್ನು ಕರ್ನಾಟಕದ ಸರ್ಕಾರಿ ಆರೋಗ್ಯ ಕೇಂದ್ರಗಳ ದಾದಿಯರ ಕೈಗೆ ಕೊಟ್ಟಾಗ, ಹೆಚ್ಚು ಬರೆದುಕೊಂಡವರೇ ಕೆಲಸಕ್ಕೆ ಅಕ್ರಮವಾಗಿ ಗೈರುಹಾಜರಾಗುತ್ತಿದ್ದುದೂ ಕಂಡುಬಂದಿತು. ಆಟದ ಅಪ್ರಾಮಾಣಿಕತೆ ಕಚೇರಿಗೂ ಹೋಗುತ್ತದೆಂದಾಯಿತು. ಮತ್ತೊಂದು ಮಾತು: ಬುದ್ಧಿವಂತರನ್ನೇ ಆರಿಸಿಕೊಂಡರೆ ಈ ದೋಷ ತಪ್ಪುತ್ತದೆಯೆ ಎಂದು ಅವರು ಲೆಕ್ಕ ಹಾಕಿ ನೋಡಿದರು. ತಪ್ಪುವುದಿಲ್ಲ. ಪರೀಕ್ಷೆಯ ಅಂಕ ಜಾಣತನವನ್ನು ಅಳೆಯುತ್ತದೆ, ಅಷ್ಟೆ.

ಇದೇ ರೀತಿಯ ದಾಳದ ಪ್ರಯೋಗವನ್ನು ಡೆನ್ಮಾರ್ಕಿನ ಕೋಪನ್‌ಹೇಗನ್ ವಿಶ್ವವಿದ್ಯಾನಿಲಯದಲ್ಲಿ ನಡೆಸಿದಾಗ ಫಲಿತಾಂಶ ತಿರುಗುಮುರುಗಾಯಿತು. ಅಲ್ಲಿ ಪ್ರಾಮಾಣಿಕವಾಗಿ ಬರೆದುಕೊಟ್ಟವರೇ ಸರ್ಕಾರಿ ಕೆಲಸವನ್ನು ಬಯಸುವವರು. ಹಣದ ಮೇಲೆ ಕಣ್ಣಿಟ್ಟವರು ಖಾಸಗಿ ಉದ್ಯೋಗದ ಕಡೆ ನಡೆಯುತ್ತಾರೆ. ಮೊದಲು ಹೇಳಿದ ೯೦ ಅಂಕಕ್ಕೂ ೩೮ ಅಂಕಕ್ಕೂ ಇರುವ ಅಂತರದ ಒಂದು ಬೇರು ಇಲ್ಲಿರಬಹುದೆಂದು ನನಗೆ ತೋರುತ್ತದೆ. ಕಚೇರಿಗೆ ಒಳ್ಳೆಯ ಹೆಸರಿದ್ದರೆ ಒಳ್ಳೆಯವರು ಅದನ್ನು ಅರಸಿ ಬರುತ್ತಾರೆ. ಮೇಲು ಸಂಪಾದನೆಯ ಹೆಸರಿದ್ದರೆ ಅದನ್ನು ಬಯಸುವವರು ಬರುತ್ತಾರೆ. ಮದುವೆಯ ಮಾತುಕತೆಯಲ್ಲಿ ಹುಡುಗನ ಸಂಬಳವನ್ನು ಕೇಳಿದ ಮೇಲೆ, "ಮೇಲೆ ಎಷ್ಟು ಬರುತ್ತೆ?" ಎಂದು ಕೇಳುವ ಹಿರಿಯರೂ ಈ ಆಯ್ಕೆ ಸಮಿತಿಯ ಸದಸ್ಯರೇ. ೫೪೫ ಪೊಲೀಸ್ ಸಬ್ ಇನ್‌ಸ್ಪೆಕ್ಟರ್ ಹುದ್ದೆಗಳ ಆಯ್ಕೆಯಲ್ಲಿ ಅಕ್ರಮ ಬಯಲಾಗಿ ೨೦೨೨ರಲ್ಲಿ ಇಡೀ ಪಟ್ಟಿಯೇ ರದ್ದಾದದ್ದು ನಮಗೆಲ್ಲ ತಿಳಿದ ಸಂಗತಿ. ಹಣ ಕೊಟ್ಟು ಹುದ್ದೆಯನ್ನು ಕೊಂಡವನು ಕೊಟ್ಟದ್ದನ್ನು ಎಲ್ಲಿಂದ ತುಂಬಿಕೊಳ್ಳುತ್ತಾನೆಂಬುದಕ್ಕೆ ಸಮೀಕ್ಷೆ ಬೇಕಾಗಿಲ್ಲ.

ಈ ಪ್ರಯೋಗದಿಂದ ಸರ್ಕಾರಿ ನೌಕರಿ ಬಯಸುವವರೆಲ್ಲ ಮೋಸಗಾರರೆಂದು ಯಾರೂ ತಿಳಿಯಬಾರದು. ಅದು ಸರಾಸರಿಯಲ್ಲಿ ಕಂಡ ಸಣ್ಣ ಅಂತರ. ಮನೆಯ ಋಣ, ತಂಗಿಯ ಓದು, ಮಳೆ ನಂಬಿದ ಬೇಸಾಯ ಇವುಗಳ ನಡುವೆ ತಿಂಗಳ ಸಂಬಳದ ಭದ್ರತೆಯನ್ನು ಬಯಸಿ ಅರ್ಜಿ ಹಾಕುವವರೇ ನಮ್ಮಲ್ಲಿ ಹೆಚ್ಚು. ನಾನೂ ಆ ಸಾಲಿನಲ್ಲಿ ನಿಂತವನೇ. ಆದರೆ ಸರಾಸರಿಯೆಂಬುದು ಒಬ್ಬೊಬ್ಬರಿಂದಲೇ ಆಗುವಂಥದು.

ಒಟ್ಟಿನಲ್ಲಿ ಹೇಳುವುದಾದರೆ, ಲಂಚಕ್ಕೆ ಒಂದೇ ಅಳತೆಗೋಲಿಲ್ಲ. ಅಭಿಪ್ರಾಯವು ದೇಶದ ಹೆಸರನ್ನು ಅಳೆಯುತ್ತದೆ. ಅನುಭವವು ಕಿಟಕಿಯನ್ನು ಅಳೆಯುತ್ತದೆ. ಕುರುಹು ಕಾಮಗಾರಿಯನ್ನು ಅಳೆಯುತ್ತದೆ. ದಾಳವು ಮನುಷ್ಯನನ್ನು ಅಳೆಯುತ್ತದೆ. ಸುಧಾರಣೆಗೆ ಉಪಕರಿಸುವುದು, ಯಾವ ಕಚೇರಿಯ ಯಾವ ಮೇಜಿನ ಬಳಿ ಹಣ ಕೈ ಬದಲಾಯಿಸುತ್ತದೆಂದು ತೋರಿಸುವ ಸಣ್ಣ ಅಳತೆಯೇ. ಅಂಥದೊಂದನ್ನು ನಮ್ಮ ಅರ್ಥಶಾಸ್ತ್ರ ಮತ್ತು ರಾಜ್ಯಶಾಸ್ತ್ರ ಸಂಘಗಳು ಕೂಡಿ ಮಾಡಬಹುದು. ನಾಲ್ಕು ತಾಲ್ಲೂಕುಗಳ ವಿದ್ಯಾರ್ಥಿಗಳಿದ್ದಾರೆ, ಪ್ರಮಾಣಪತ್ರ ಪಡೆದ ಅನುಭವ ಎಲ್ಲರಿಗೂ ಇದೆ, ಚಿಮ್ಮಲು ಒಂದು ನಾಣ್ಯ ಸಾಕು. ಯಾರ ಹೆಸರೂ ಹೊರಬರುವುದಿಲ್ಲ. ನಮ್ಮ ಅಧ್ಯಾಪಕರು ಮಾರ್ಗದರ್ಶನ ಮಾಡಿದರೆ ಮುಂದಿನ ವರ್ಷದ ಸಂಚಿಕೆಯಲ್ಲಿ ಅದರ ಫಲಿತಾಂಶವನ್ನೇ ಪ್ರಕಟಿಸಬಹುದು.

ಇನ್ನು ಹತ್ತು ವರ್ಷಗಳ ಮೇಲೆ ಯಾರಾದರೂ ಈ ತಾಲ್ಲೂಕುಗಳಿಗೆ ಬಂದು, "ಇಲ್ಲಿಯ ನೌಕರರಿಗೆ ಶುಲ್ಕಕ್ಕಿಂತ ಹೆಚ್ಚಾಗಿ ಎಷ್ಟು ಕೊಟ್ಟಿರಿ?" ಎಂದು ಊರವರನ್ನು ಕೇಳಬಹುದು. ಆಗ ಅವರು ಹೇಳುವ ಉತ್ತರ ನಮ್ಮನ್ನು ಕುರಿತದ್ದಾಗಿರುತ್ತದೆ.